ಕಾರ್ಮಿಕನ ಬಾಯಿ, ಕಿಸೆಯ ಮೊಬೈಲು

(ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೂಲಿ, ಬೋನಸ್ಸು, ತುಟ್ಟಿಭತ್ಯೆಗಳ ಮಾತಿಗೆಂದು ಸೇರುವ ಜಾಗದಲ್ಲಿ ಇವತ್ತು ಹಲ್ಲಿನ ವಿಚಾರ ಎತ್ತಿಕೊಂಡಿರುವುದನ್ನು ಕಂಡು ಕೆಲವರಿಗೆ ನಗು ಬಂದಿರಬಹುದು. ಪಕ್ಷಕ್ಕೆ ಬೇರೆ ಕೆಲಸವಿಲ್ಲವೇ ಎಂದು ಕೇಳುವವರೂ ಇದ್ದಾರೆ. ಬೇಕಾದಷ್ಟಿದೆ. ಆದರೆ ಹಲ್ಲುನೋವು ಬಂದವನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಹಲ್ಲು ಕೀಳಿಸಿಕೊಂಡರೆ ಎರಡು ದಿನದ್ದು. ಬಾಯಿಯ ಕ್ಯಾನ್ಸರ್ ಬಂದರೆ ಮನೆ, ಹೊಲ, ಹೆಂಡತಿಯ ಮೈಮೇಲಿನ ಚೂರು ಚಿನ್ನ ಎಲ್ಲವೂ ಹೋಗುತ್ತದೆ. ಹೋರಾಡಿ ಕೂಲಿ ಹೆಚ್ಚಿಸಿಕೊಂಡವರು ಅದು ಯಾವ ತೂತಿನಿಂದ ಸೋರುತ್ತಿದೆ ಎಂಬುದನ್ನೂ ನೋಡಬೇಕಲ್ಲವೆ? ನಮ್ಮಲ್ಲಿ ಹಲವರ ಮಟ್ಟಿಗೆ ಆ ತೂತು ದವಡೆ ಹಲ್ಲಿನಲ್ಲೇ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಲೋಕದಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಒಂದಲ್ಲ ಒಂದು ರೋಗವಿದೆ. ನಮ್ಮ ದೇಶದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ 2020ರ ಒಂದೇ ವರ್ಷದಲ್ಲಿ 1 ಲಕ್ಷ 35 ಸಾವಿರಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ತಗುಲಿತೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಂದಾಜು ಮಾಡಿದೆ. ಇದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2016-17ರಲ್ಲಿ ನಡೆದ ತಂಬಾಕು ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 28.6 ಮಂದಿ ತಂಬಾಕು ಬಳಸುವವರು, ಕರ್ನಾಟಕದಲ್ಲಿ 22.8 ಮಂದಿ. ಸೇದುವವರಿಗಿಂತ ಅಗಿಯುವವರೇ ಹೆಚ್ಚು.

ಏತಕ್ಕೆ ಅಗಿಯುತ್ತಾರೆ? ಉಪದೇಶ ಮಾಡುವವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನಮ್ಮ ಊರಿನ ಸಂಗತಿಯನ್ನೇ ತೆಗೆದುಕೊಳ್ಳಿ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ದಾವಣಗೆರೆಯನ್ನು ಕರೆಯುತ್ತಿದ್ದ ಕಾಲದಲ್ಲಿ ಹತ್ತಿ ಗಿರಣಿಯೊಳಗೆ ಬೀಡಿ ಹಚ್ಚುವಂತಿರಲಿಲ್ಲ. ಒಂದು ಕಿಡಿ ಬಿದ್ದರೆ ಹತ್ತಿಯ ರಾಶಿ ಹೊತ್ತಿಕೊಳ್ಳುತ್ತದೆ, ನಿಯಮ ಸರಿಯಾದದ್ದೇ. ಆದರೆ ರಾತ್ರಿ ಪಾಳಿಯಲ್ಲಿ ನಿಂತೇ ದುಡಿಯುವವನ ನಿದ್ದೆಗೆ, ಹಸಿವಿಗೆ, ಗಂಟಲಿಗೆ ಅಂಟುವ ಹತ್ತಿಯ ದೂಳಿಗೆ ಮಾಲೀಕರು ಯಾವ ಏರ್ಪಾಡನ್ನೂ ಮಾಡಲಿಲ್ಲ. ಏರ್ಪಾಡನ್ನು ಕಾರ್ಮಿಕನೇ ಮಾಡಿಕೊಂಡ: ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ಕೆನ್ನೆಯ ಸಂದಿಯಲ್ಲಿಟ್ಟುಕೊಂಡ. ಆ ಗಿರಣಿಗಳಲ್ಲಿ ಬಹುಪಾಲು ಮುಚ್ಚಿಹೋದವು, ಅಭ್ಯಾಸ ಮಾತ್ರ ಮುಚ್ಚಲಿಲ್ಲ. ಈಗಿನ ಅಕ್ಕಿ ಗಿರಣಿಯ ಹಮಾಲಿ, ಮಂಡಕ್ಕಿ ಭಟ್ಟಿಯ ಮುಂದೆ ಬೇಯುವ ಕೂಲಿಕಾರ, ಲಾರಿ ಚಾಲಕ, ಇವರ ಕಿಸೆಗಳಲ್ಲಿ ಸುಣ್ಣದ ಡಬ್ಬಿಯ ಬದಲು ಚೀಟು ಬಂದಿದೆ, ಅಷ್ಟೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಕಂಪನಿಗಳು ಪಾನ್ ಮಸಾಲವನ್ನು ಒಂದು ಚೀಟಿನಲ್ಲೂ ತಂಬಾಕನ್ನು ಇನ್ನೊಂದರಲ್ಲೂ ತುಂಬಿ ಮಾರಿದವು. ಎರಡನ್ನೂ ಕೂಡಿಸಿ ಬಾಯಿಗೆ ಹಾಕಿಕೊಳ್ಳುವ ಕೆಲಸವಷ್ಟೇ ಗಿರಾಕಿಯದಾಯಿತು. ಕಾನೂನಿಗೆ ಇಷ್ಟು ಸುಲಭವಾಗಿ ಟೋಪಿ ಹಾಕುವ ಜಾಣತನ ಬಡವನ ಹತ್ತಿರ ಇದ್ದಿದ್ದರೆ ಅವನು ಜೈಲಿನಲ್ಲಿರುತ್ತಿದ್ದ.

ಇನ್ನು ಚಹಾ. ಪಾಳಿಯಲ್ಲಿ ನಾಲ್ಕೈದು ಸಲ ಸಕ್ಕರೆ ಚಹಾ ಕುಡಿಯುತ್ತೇವೆ. ಹಲ್ಲಿಗೆ ಹುಳ ಹತ್ತಿತು ಎನ್ನುತ್ತೇವಲ್ಲ, ಅಲ್ಲಿ ಹುಳವೇನೂ ಇಲ್ಲ. ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ. ಆ ಹುಳಿ ಹಲ್ಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ. ಜೊಲ್ಲು ಬಂದು ಹುಳಿಯನ್ನು ತೊಳೆದು ಹೊದಿಕೆಯನ್ನು ರಿಪೇರಿ ಮಾಡಲು ಸಮಯ ಬೇಕು. ಗಂಟೆಗೊಮ್ಮೆ ಸಿಹಿ ಬಿದ್ದರೆ ರಿಪೇರಿಗೆ ಬಿಡುವೇ ಸಿಗುವುದಿಲ್ಲ. ಆದುದರಿಂದ ಎಷ್ಟು ಸಕ್ಕರೆ ತಿಂದೆವು ಎಂಬುದರ ಜೊತೆಗೆ ಎಷ್ಟು ಸಲ ತಿಂದೆವು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಚಹಾ ಬಿಡಿ ಎಂದು ಹೇಳಲು ನಾವು ಇಲ್ಲಿಗೆ ಬಂದಿಲ್ಲ, ಹೇಳಿದರೆ ನೀವು ಕೇಳುವುದೂ ಇಲ್ಲ. ಆಮೇಲೆ ಒಂದು ಗುಟುಕು ನೀರಿನಿಂದ ಬಾಯಿ ಮುಕ್ಕಳಿಸಿ. ಐದರಲ್ಲಿ ಎರಡು ಲೋಟಕ್ಕೆ ಸಕ್ಕರೆ ಬೇಡವೆನ್ನಿ. ಅಷ್ಟು ಮಾಡಿದರೂ ಹಲ್ಲಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ಹಲ್ಲುಜ್ಜುವ ವಿಚಾರದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದಿನಕ್ಕೆರಡು ಸಲ, ಎರಡೆರಡು ನಿಮಿಷ, ಫ್ಲೋರೈಡ್ ಇರುವ ಪೇಸ್ಟಿನಿಂದ ಎಂಬುದು ವೈದ್ಯರೆಲ್ಲ ಒಪ್ಪಿದ ಮಾತು. ಟ್ಯೂಬಿನ ಮೇಲೆ ಫ್ಲೋರೈಡಿನ ಪ್ರಮಾಣ ಅಚ್ಚಾಗಿರುತ್ತದೆ, ಓದಿ ನೋಡಿ ಕೊಳ್ಳಿ. ಇದ್ದಿಲು, ಇಟ್ಟಿಗೆ ಪುಡಿಗಳು ಹಲ್ಲನ್ನು ಬೆಳ್ಳಗೆ ಮಾಡಿದಂತೆ ಕಂಡರೂ ಹೊದಿಕೆಯನ್ನೇ ಉಜ್ಜಿ ತೆಗೆಯುತ್ತವೆ. ಪಾವಗಡ, ಮುಂಡರಗಿಗಳ ಕಡೆಯಿಂದ ದುಡಿಯಲು ಬಂದವರ ಹಲ್ಲು ಕಂದಾಗಿರುವುದು ಅವರ ಸೋಮಾರಿತನದಿಂದಲ್ಲ, ಆ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅತಿಯಾಗಿರುವುದರಿಂದ, ಅವರನ್ನು ಹಂಗಿಸಬೇಡಿ. ಮುಖ್ಯವಾದ ಮಾತು ಇದು. ಭಿತ್ತಿಪತ್ರಗಳಲ್ಲೆಲ್ಲ "ರಾತ್ರಿ ಮಲಗುವ ಮುನ್ನ ಹಲ್ಲುಜ್ಜಿ" ಎಂದು ಬರೆದಿರುತ್ತಾರೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಮಲಗುವ ಮುಂಚಿನ ಉಜ್ಜುವಿಕೆಯೇ ಹೆಚ್ಚು ಬೆಲೆಯುಳ್ಳದ್ದು, ನಿಜ. ಆದರೆ ರಾತ್ರಿ ಪಾಳಿಯವನು ಮಲಗುವುದು ಬೆಳಗ್ಗೆ ಎಂಟಕ್ಕೆ! ಅವನು ಮನೆಗೆ ಬಂದು ತಿಂಡಿ ತಿಂದು ಹಾಗೇ ಉರುಳಿಕೊಳ್ಳುತ್ತಾನೆ. ಅವನ ರಾತ್ರಿ ಯಾವುದು ಎಂಬುದು ಭಿತ್ತಿಪತ್ರ ಬರೆದವರಿಗೆ ಹೊಳೆದಿಲ್ಲ.

ಇಲ್ಲಿಂದ ಮೊಬೈಲಿನ ಮಾತು ಶುರುವಾಗುತ್ತದೆ. ಹಲ್ಲುಜ್ಜುವುದನ್ನು ನೆನಪಿಸುವ ಸಂದೇಶಗಳನ್ನು, ಆ್ಯಪುಗಳನ್ನು ಕುರಿತು ಹಲವು ದೇಶಗಳಲ್ಲಿ ಅಧ್ಯಯನಗಳು ನಡೆದಿವೆ. ಅವನ್ನೆಲ್ಲ ಕೂಡಿಸಿ ತೂಗಿ ನೋಡಿದ ವರದಿಯೊಂದು 2019ರಲ್ಲಿ ಪ್ರಕಟವಾಯಿತು; ಇಂಥ ಸಂದೇಶ ಪಡೆದವರ ಬಾಯಿ ಹೆಚ್ಚು ಸ್ವಚ್ಛವಾಗಿತ್ತೆಂದು ಅದು ಹೇಳುತ್ತದೆ. ಅಂದರೆ ಯಂತ್ರಕ್ಕೆ ಶಕ್ತಿ ಇದೆ. ಆದರೆ ರಾತ್ರಿ ಒಂಬತ್ತಕ್ಕೆ "ಹಲ್ಲುಜ್ಜಿ" ಎಂದು ಗಂಟೆ ಬಾರಿಸಿದರೆ ಆಗ ನಮ್ಮವನು ಗಿರಣಿ ಬಾಗಿಲಲ್ಲಿ ಹಾಜರಿ ಹಾಕುತ್ತಿರುತ್ತಾನೆ. ಅದೇ ಸಂದೇಶ ಪಾಳಿ ಬಿಟ್ಟ ಮೇಲೆ, ಅವನ ಜೊತೆಗೇ ದುಡಿಯುವವನ ಧ್ವನಿಯಲ್ಲಿ, ನಮ್ಮ ಕಡೆಯ ಕನ್ನಡದಲ್ಲಿ ಬಂದರೆ ಕಿವಿಗೆ ಬೀಳುತ್ತದೆ. ಓದು ಬಾರದವನೂ ಕೇಳಿಸಿಕೊಳ್ಳಬಲ್ಲ. ಪಾಳಿ ಯಾವಾಗ ಬಿಡುತ್ತದೆಂದು ಯಾವ ಕಂಪನಿಗೂ ಗೊತ್ತಿಲ್ಲ, ನಮ್ಮ ಸಂಘಕ್ಕೆ ಗೊತ್ತಿದೆ.

ಈಗ ಆ ಮೊಬೈಲನ್ನು ನಮ್ಮ ಬಾಯಿಯ ವಿಚಾರದಲ್ಲಿ ಯಾರು ಬಳಸುತ್ತಿದ್ದಾರೆ ನೋಡಿ. ಕ್ರಿಕೆಟ್ ನೋಡಲು ಕುಳಿತರೆ ಏಲಕ್ಕಿಯ ಜಾಹೀರಾತು. ಹೆಸರು ಮಾತ್ರ ಗುಟ್ಕಾದ್ದು. 2022ರಲ್ಲಿ ಹಿಂದಿಯ ಹೆಸರಾಂತ ನಟರೊಬ್ಬರು ಇಂಥ ಜಾಹೀರಾತಿನಲ್ಲಿ ಕಾಣಿಸಿಕೊಂಡು, ಜನ ಉಗಿದ ಮೇಲೆ ಕ್ಷಮೆ ಕೇಳಿ ಹಿಂದೆ ಸರಿದರು. ಜನರ ಉಗುಳು ಒಮ್ಮೆಯಾದರೂ ಸರಿಯಾದ ಜಾಗಕ್ಕೆ ಬಿತ್ತು. ಇನ್ನೊಂದು ಕಡೆ ನಿಂಬೆಹಣ್ಣು, ಸೋಡಾ ತಿಕ್ಕಿ ಮೂರು ದಿನದಲ್ಲಿ ಹಲ್ಲು ಮುತ್ತಿನಂತೆ ಮಾಡಿಕೊಳ್ಳಿ ಎನ್ನುವ ವೀಡಿಯೋಗಳು. ನಿಂಬೆಯ ಹುಳಿಯೂ ಹೊದಿಕೆಯನ್ನು ಕರಗಿಸುವ ಹುಳಿಯೇ. ಹೀಗೆ ಕೆಡಿಸುವ ವಿದ್ಯೆಯೆಲ್ಲ ಬಿಟ್ಟಿಯಾಗಿ ಅಂಗೈಗೆ ಬರುತ್ತಿರುವಾಗ, ಉಳಿಸುವ ವಿದ್ಯೆಯನ್ನು ನಾವೂ ಅದೇ ದಾರಿಯಲ್ಲಿ ಕಳಿಸದೆ ಕೂತರೆ ಹೇಗೆ?

ಇದರಲ್ಲಿ ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ಪಕ್ಕದ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಒಂದು ಕೆಲಸ ಆರಂಭಿಸಿದರು. ಸುಮಾರು 1 ಲಕ್ಷ 90 ಸಾವಿರ ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರ ಮನೆಗಳಿಗೆ ತರಬೇತಿ ಪಡೆದ ಕಾರ್ಯಕರ್ತರು ಹೋಗಿ, ಬೆಳಕು ಬಿಟ್ಟು ಬಾಯಿ ನೋಡಿದರು. ಅವರು ಡಾಕ್ಟರರಲ್ಲ, ಬರೀ ಪದವೀಧರರು. ಅನುಮಾನ ಬಂದವರನ್ನು ವೈದ್ಯರ ಹತ್ತಿರ ಕಳಿಸಿದರು. 2005ರಲ್ಲಿ ಫಲಿತಾಂಶ ಹೊರಬಂದಾಗ, ಹೀಗೆ ಬಾಯಿ ತೋರಿಸಿಕೊಂಡವರ ಪಾಲಿನಲ್ಲಿ ತಂಬಾಕು ಅಥವಾ ಹೆಂಡದ ಚಟವಿದ್ದವರ ಪೈಕಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ಕೋಟಿ ರೂಪಾಯಿಯ ಯಂತ್ರವಲ್ಲ ಬಂಧುಗಳೇ, ಒಂದು ಬ್ಯಾಟರಿ ದೀಪ ಮತ್ತು ನೋಡಲು ಕಲಿತ ಕಣ್ಣು! ಆ ದೀಪ ಈಗ ಪ್ರತಿಯೊಬ್ಬರ ಮೊಬೈಲಿನಲ್ಲೂ ಇದೆ.

ಬೆಂಗಳೂರಿನ ದಂತವೈದ್ಯರು ಮತ್ತು ಕ್ಯಾನ್ಸರ್ ತಜ್ಞರು ಇದನ್ನೇ ಮೊಬೈಲಿಗೆ ಜೋಡಿಸಿದರು. ಕಾರ್ಯಕರ್ತರು ಬಾಯಿಯ ಫೋಟೋ ತೆಗೆದು ಕಳಿಸುವುದು, ದೂರದ ತಜ್ಞರು ನೋಡಿ ಹೇಳುವುದು. 2015ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ 3,440 ಜನರ ತಪಾಸಣೆಯ ವಿವರವಿದೆ; ಇವರಲ್ಲಿ 2,000 ಜನರನ್ನು ಆರೋಗ್ಯ ಕಾರ್ಯಕರ್ತರು ಹುಡುಕಿಕೊಂಡು ಹೋಗಿ ನೋಡಿದ್ದು, 1,440 ಜನರನ್ನು ಅವರು ದುಡಿಯುವ ಜಾಗದಲ್ಲೇ ದಂತವೈದ್ಯರು ನೋಡಿದ್ದು. ಕಾರ್ಯಕರ್ತರು ಅನುಮಾನಿಸಿದ್ದನ್ನೆಲ್ಲ ತಜ್ಞರು ರೋಗವೆಂದು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಆದ್ದರಿಂದ ಫೋಟೋ ತೆಗೆದ ಮಾತ್ರಕ್ಕೆ ನಾವು ಡಾಕ್ಟರರಾಗುವುದಿಲ್ಲ. ಆದರೆ ದುಡಿಯುವ ಜಾಗದಲ್ಲೇ ಈ ತಪಾಸಣೆ ನಡೆಯಬಲ್ಲದು ಎಂಬುದಕ್ಕೆ ಸಾಕ್ಷಿ ಸಿಕ್ಕಿತಲ್ಲ, ಅದು ನಮಗೆ ಬೇಕಾದದ್ದು.

ನೋಡುವುದು ಹೇಗೆ? ಕನ್ನಡಿಯ ಮುಂದೆ ನಿಂತು ಮೊಬೈಲಿನ ದೀಪ ಹಚ್ಚಿ. ತುಟಿಯ ಒಳಗು, ಎರಡೂ ಕೆನ್ನೆಯ ಒಳಗು, ನಾಲಿಗೆಯ ಮೇಲೆ, ಪಕ್ಕ, ಅಡಿ, ಎಲ್ಲ ನೋಡಿ. ತಂಬಾಕು ಇಡುವ ಸಂದಿಯನ್ನು ಎರಡು ಸಲ ನೋಡಿ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಂಟು, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ತಡ ಮಾಡದೆ ದಂತವೈದ್ಯರಿಗೆ ತೋರಿಸಿ. ನೋವಿಲ್ಲವೆಂದು ಸುಮ್ಮನಿರಬೇಡಿ, ಮೊದಮೊದಲು ನೋವೇ ಇರುವುದಿಲ್ಲ. ಆಮೇಲೆ ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಬಾಯೊಳಗೆ ಹಿಡಿಸುತ್ತವೆಯೇ ನೋಡಿ. ಹಿಡಿಸದಿದ್ದರೆ, ಖಾರ ತಾಗಿದೊಡನೆ ಬಾಯಿ ಉರಿಯುತ್ತಿದ್ದರೆ, ಅಡಿಕೆಯಿಂದ ಬರುವ ಬಾಯಿ ಬಿಗಿಯುವ ರೋಗ ಇರಬಹುದು. ಬಿಗಿದ ಬಾಯಿ ಮತ್ತೆ ಮೊದಲಿನಂತೆ ತೆರೆಯುವುದು ಬಹಳ ಕಷ್ಟ. ಇದರಿಂದ ಕ್ಯಾನ್ಸರಿಗೆ ತಿರುಗುವುದೂ ಉಂಟು.

ಅಡಿಕೆಯ ಹೆಸರು ಬಂದೊಡನೆ ಚನ್ನಗಿರಿ ಕಡೆಯಿಂದ ಬಂದಿರುವ ಗೆಳೆಯರ ಮುಖ ಸಣ್ಣದಾಗಿರುವುದು ನಮಗೆ ಕಾಣುತ್ತಿದೆ. 1951ರ ಕಾಗೋಡಿನಲ್ಲಿ ಗೇಣಿದಾರರ ಪರ ನಿಂತವರ ಹಾದಿಯಲ್ಲಿ ಬಂದವರು ನಾವು. ರೈತನ ಅನ್ನಕ್ಕೆ ಕಲ್ಲು ಹಾಕುವವರಲ್ಲ. ಆದರೆ ಅಡಿಕೆಯೊಂದೇ, ತಂಬಾಕು ಕೂಡದಿದ್ದರೂ, ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೀರ್ಮಾನಿಸಿದೆ. ಇದನ್ನು ಮುಚ್ಚಿಟ್ಟು ಅಡಿಕೆ ಅಗಿಯುವ ಹಮಾಲಿಗೆ ಮೋಸ ಮಾಡಲು ನಮ್ಮಿಂದಾಗದು. ಬೆಳೆಗಾರನಿಗೆ ಬೇರೆ ಬೆಳೆಗೆ ಹೊರಳಲು ಸರ್ಕಾರ ಕೈಹಿಡಿಯಬೇಕೆಂಬುದು ಬೇರೆಯೇ ದಿನ ಕುಳಿತು ಮಾತಾಡತಕ್ಕ ವಿಷಯ.

ಬಿಡಬೇಕೆನ್ನುವವರಿಗೆ ಒಂದು ದಾರಿ ಇದೆ. 1800-11-2356 ಎಂಬ ಉಚಿತ ದೂರವಾಣಿ. 2016ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಸಹಾಯವಾಣಿಯ ದಕ್ಷಿಣದ ಕೇಂದ್ರ 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು. ತಮಾಷೆಯೆಂದರೆ ಈ ಸಂಖ್ಯೆಯನ್ನು ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚು ಹಾಕಿಸಿದ್ದಾರೆ; ಹರಿದು ಬಾಯಿಗೆ ಸುರಿಯುವ ಅವಸರದಲ್ಲಿ ಯಾರೂ ನೋಡುವುದಿಲ್ಲ. ಬಿಟ್ಟ ಮೊದಲ ಕೆಲವು ದಿನ ತಲೆನೋವು, ಸಿಡುಕು, ನಿದ್ದೆಗೇಡು ಬರುತ್ತವೆ. ಆಗ ಜೊತೆಗಾರರು ಚೀಟು ಮುಂದೊಡ್ಡದೆ, ಒಂದು ಹಿಡಿ ಹುರಿಗಡಲೆಯನ್ನೋ ಶೇಂಗಾವನ್ನೋ ಕೊಡುವುದು ಸಂಘಟನೆಯ ಕೆಲಸವೇ ಎಂದು ನಾವು ತಿಳಿದಿದ್ದೇವೆ. ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಈ-ದಂತಸೇವಾ ಎಂಬ ಜಾಲತಾಣವನ್ನೂ ಆ್ಯಪನ್ನೂ ತೆರೆಯಿತು. ಹಲ್ಲಿನ ಬಗೆಗಿನ ತಿಳಿವಳಿಕೆಯ ಜೊತೆಗೆ ಹತ್ತಿರದ ದಂತ ಚಿಕಿತ್ಸಾಲಯ ಹುಡುಕುವ ಅನುಕೂಲವನ್ನೂ ಅದರಲ್ಲಿ ಇಟ್ಟರು. ಓದಬಲ್ಲ ಮಕ್ಕಳಿಂದ ತೆಗೆಸಿ ನೋಡಿ.

ಮಕ್ಕಳು ಎಂದೆವು. ಮೊಬೈಲಿನಲ್ಲಿ ಎರಡು ನಿಮಿಷದ ಹಾಡು ಹಾಕಿ, ಮುಗಿಯುವವರೆಗೂ ಮಗು ಉಜ್ಜಲಿ. ಅಪ್ಪನೂ ಪಕ್ಕದಲ್ಲಿ ನಿಂತು ಉಜ್ಜಲಿ. ಆದರೆ ಮನೆಯ ಮೊಬೈಲು ಗಂಡಸಿನ ಕಿಸೆಯಲ್ಲೇ ಗಿರಣಿಗೆ ಹೋಗಿಬಿಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾವೇ ಬಳಸುವ ಮೊಬೈಲು ಇದೆ ಎಂದ ಹೆಂಗಸರು ನೂರಕ್ಕೆ 54 ಮಾತ್ರ. ಕಡ್ಡಿಪುಡಿ ಹಾಕುವ ತಾಯಂದಿರೂ ಇಲ್ಲಿದ್ದೀರಿ. ನಿಮ್ಮ ಬಾಯಿಯೂ ಬಾಯಿಯೇ. ಆದ್ದರಿಂದ ಸಂದೇಶವನ್ನು ಮನೆಗೆ ಹೋಗಿ ಎಲ್ಲರೆದುರು ಗಟ್ಟಿಯಾಗಿ ಕೇಳಿಸಿ. ಆಶಾ ಕಾರ್ಯಕರ್ತೆಯರನ್ನೂ ಜೊತೆಗೆ ಕರೆದುಕೊಳ್ಳೋಣ.

ಈಗ ವ್ಯಾಪಾರಿ ಮಿತ್ರರ ಕಡೆಗೆ ಬರುತ್ತೇವೆ. ಗೂಡಂಗಡಿಯವನನ್ನು ಕೊಲೆಗಾರನೆಂದು ಕರೆಯುವವರ ಸಾಲಿಗೆ ನಾವು ಸೇರುವುದಿಲ್ಲ. ಚೀಟು ಮಾರಿದರೆ ಅವನಿಗೆ ಉಳಿಯುವುದು ಪೈಸೆಗಳು, ಕಂಪನಿಗೆ ಕೋಟಿಗಳು. ದಂಡ ಬೀಳುವುದು ಮಾತ್ರ ಅವನಿಗೆ. ರಾಜ್ಯದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಕಾನೂನಿನ ಭಯಕ್ಕಾಗಿ ಅಲ್ಲದಿದ್ದರೂ, ಕೈಚಾಚುವ ಹುಡುಗ ನಮ್ಮದೇ ಓಣಿಯವನು ಎಂಬುದಕ್ಕಾದರೂ ಇದನ್ನು ಪಾಲಿಸಿ. ಚೀಟಿನ ಸರಗಳನ್ನು ಮುಂದೆ ತೋರಣದಂತೆ ಕಟ್ಟಿ, ಬ್ರಷ್ಷು ಪೇಸ್ಟುಗಳನ್ನು ಹಿಂದಿನ ಗೂಟಕ್ಕೆ ಹಾಕುತ್ತೀರಲ್ಲ, ಅದನ್ನು ತಿರುಗಿಸಿ. ಮೊಬೈಲಿನಿಂದ ಹಣ ಪಡೆಯಲು ಅಂಟಿಸಿರುವ ಚೌಕದ ಪಕ್ಕದಲ್ಲಿ ಆ ಉಚಿತ ದೂರವಾಣಿಯ ಸಂಖ್ಯೆಯನ್ನೂ ದಪ್ಪಕ್ಷರದಲ್ಲಿ ಬರೆದಂಟಿಸಿ. ದಿನಕ್ಕೆ ನೂರು ಕಣ್ಣು ಬೀಳುವ ಜಾಗ ಅದು. ಪೇಸ್ಟಿಗೆ, ಬ್ರಷ್ಷಿಗೆ ಶೇಕಡ 18ರಷ್ಟು ಜಿಎಸ್‌ಟಿ ಹಾಕಿ 2017ರಿಂದ ಎಂಟು ವರ್ಷ ವಸೂಲು ಮಾಡಿದರು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡ 5ಕ್ಕೆ ಇಳಿದಿದೆ. ಇಳಿದ ಲಾಭ ಗಿರಾಕಿಗೆ ಮುಟ್ಟಿದೆಯೇ, ಕಂಪನಿ ಟ್ಯೂಬನ್ನೇ ಸಣ್ಣದು ಮಾಡಿದೆಯೇ ಎಂದು ತೂಕ ನೋಡಿ ಹೇಳಬಲ್ಲವರು ನೀವೇ.

ಒಂದು ಎಚ್ಚರಿಕೆ. ನಾಳೆ ಮಾಲೀಕರೂ ಈ ಕೆಲಸಕ್ಕೆ ಕೈಹಾಕಬಹುದು. "ನಿಮಗೆ ಆ್ಯಪು ಕೊಟ್ಟೆವು, ಹಲ್ಲು ಕೆಟ್ಟರೆ ನಿಮ್ಮದೇ ತಪ್ಪು" ಎನ್ನುವುದು ಅವರಿಗೆ ಅಗ್ಗದ ದಾರಿ. ಸಂದೇಶ ಹಲ್ಲನ್ನು ನೆನಪಿಸೀತು, ಹುಳುಕು ಹಲ್ಲಿಗೆ ಸಿಮೆಂಟು ತುಂಬದು. ಸಂಬಳದ ನೂರು ರೂಪಾಯಿಗೆ 75 ಪೈಸೆ ನಮ್ಮಿಂದಲೂ 3 ರೂಪಾಯಿ 25 ಪೈಸೆ ಮಾಲೀಕರಿಂದಲೂ ಇಎಸ್‌ಐಗೆ ಹೋಗುವ ದರ 2019ರ ಜುಲೈಯಲ್ಲಿ ಗೊತ್ತಾಯಿತು. ಹಲ್ಲು ತೋರಿಸಿಕೊಳ್ಳುವುದು ಅಲ್ಲಿ ನಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ. ಚಿಕ್ಕ ಭಟ್ಟಿಗಳವರಿಗೆ ಈ ಆಸರೆಯೂ ಇಲ್ಲ. 2014-15ರಲ್ಲಿ ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆಯಲ್ಲಿ ಬಡ ವೃದ್ಧರಿಗೆ ಉಚಿತ ದಂತಪಂಕ್ತಿ ಕೊಡಲು ಹೊರಟಿತು; ಒಳ್ಳೆಯದೇ, ಆದರೆ ಹಲ್ಲೆಲ್ಲ ಉದುರುವವರೆಗೆ ಕಾಯುವ ಭಾಗ್ಯ ಅದು. ಎರಡು ದಂತವೈದ್ಯ ಕಾಲೇಜುಗಳಿರುವ ಊರು ನಮ್ಮದು. ಅಲ್ಲಿ ಕಲಿಯುವವರಿಗೆ ಬಾಯಿಗಳು ಬೇಕು, ನಮಗೆ ವೈದ್ಯರು ಬೇಕು. ವರ್ಷಕ್ಕೆ ಎರಡು ಸಲ, ಕೂಲಿ ಕಡಿಯದೆ ಅರ್ಧ ದಿನದ ಬಿಡುವು ಕೊಟ್ಟು, ಗಿರಣಿಯ ಆವರಣದಲ್ಲೇ ತಪಾಸಣೆ ನಡೆಸಬೇಕೆಂಬುದನ್ನು ಈ ಸಲದ ಬೇಡಿಕೆ ಪಟ್ಟಿಗೆ ಸೇರಿಸುತ್ತಿದ್ದೇವೆ.

ಅದಕ್ಕೂ ಮೊಬೈಲು ಬೇಕು. ಎಷ್ಟು ಮಂದಿ ಹಲ್ಲುನೋವಿನಿಂದ ಎಷ್ಟು ದಿನದ ಕೂಲಿ ಕಳೆದುಕೊಂಡರು, ಎಷ್ಟು ಮಂದಿಯ ಬಾಯಿಗೆ ಮೂರು ಬೆರಳು ಹಿಡಿಸುವುದಿಲ್ಲ ಎಂಬ ಲೆಕ್ಕ ನಮ್ಮ ಕೈಲಿದ್ದರೆ ಮಾಲೀಕರ ಮೇಜಿನ ಮುಂದೆ ಮಾತಿಗೆ ತೂಕ ಬರುತ್ತದೆ. ಲೆಕ್ಕದಲ್ಲಿ ಸಂಖ್ಯೆ ಮಾತ್ರ ಇರಲಿ, ಹೆಸರು ಬೇಡ. ಬಾಯಿಯ ಫೋಟೋವನ್ನು ವೈದ್ಯರಿಗಲ್ಲದೆ ಗುಂಪಿಗೆ ಹಾಕಕೂಡದು. ಅದು ಮೇಸ್ತ್ರಿಯ ಕೈಗೆ ಸಿಕ್ಕಿ, ರೋಗಿಷ್ಟನೆಂದು ಯಾರನ್ನಾದರೂ ಕೆಲಸದಿಂದ ಬಿಡಿಸಿದರೆ ನಾವು ಮಾಡಿದ ಉಪಕಾರವೆಲ್ಲ ಅಪಕಾರವಾದೀತು.

ಪಾಳಿಗೊಬ್ಬರಂತೆ ಧ್ವನಿ ಸಂದೇಶ ಕಳಿಸುವವರು ಬೇಕಾಗಿದ್ದಾರೆ. ದೊಡ್ಡ ಭಾಷಣಕಾರರು ಬೇಡ, ಅರ್ಧ ನಿಮಿಷದಲ್ಲಿ ಮಾತು ಮುಗಿಸುವವರು ಸಾಕು. ಬಾಗಿಲ ಬಳಿ ಇಟ್ಟಿರುವ ಪುಸ್ತಕದಲ್ಲಿ ಹೆಸರು, ಪಾಳಿ, ಗಿರಣಿ ಬರೆಸಿ ಹೋಗಿ. ಅಲ್ಲೇ ಒಂದು ಕನ್ನಡಿಯನ್ನೂ ತೂಗುಹಾಕಿದ್ದೇವೆ.